ಕೈ ಬಿಸಿ ಮಾಡದೆ ಕೆಲಸ ಮಾಡಿಸಿಕೊಳ್ಳುವುದು ಹೇಗೆ? ಲಂಚ ಮತ್ತು ದಂಧೆಗಳ ವಿರುದ್ಧ ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಅಪ್ಪ ತೀರಿಕೊಂಡ ಮೇಲೆ ಎರಡೂವರೆ ಎಕರೆ ಕಾಫಿ ತೋಟದ ಪೌತಿ ಖಾತೆಗೆ, ಅಂದರೆ ತೋಟವನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ಅರ್ಜಿ ಹಾಕಿದೆ. ಹಾಕಿದ್ದು ಹುತ್ತರಿ ಮುಗಿದ ವಾರ. ಕಾಫಿ ಕುಯ್ಲು ಮುಗಿಯಿತು, ಹೂಮಳೆ ಬಂತು, ಮುಂಗಾರು ಹಿಡಿಯಿತು. ಫೈಲು ಮಾತ್ರ ಕದಲಲಿಲ್ಲ. ಹೋದಾಗಲೆಲ್ಲ "ಸರ್ವರ್ ಇಲ್ಲ", "ಸಾಹೇಬ್ರು ಮೀಟಿಂಗಲ್ಲಿದ್ದಾರೆ", "ನಾಳೆ ಬನ್ನಿ". ಜುಲೈಯ ಒಂದು ದಿನ ಕೊಡೆ ಮಡಚಿಟ್ಟು ಕಚೇರಿ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದೆ. ಪಕ್ಕದ ಬೆಂಚಿನವರು ನನ್ನ ಅರ್ಜಿಯ ನಂಬರನ್ನು ಬಾಯಿಪಾಠ ಒಪ್ಪಿಸಿದರು. "ಎಂಟು ಸಾವಿರ ಆಗುತ್ತೆ ಸಾರ್, ಎಲ್ಲರದ್ದೂ ಸೇರಿ. ಶುಕ್ರವಾರಕ್ಕೆ ಆಗಿಹೋಗುತ್ತೆ."

ಸಿಟ್ಟು ಬಂತು. ಅದಕ್ಕಿಂತ ಜಾಸ್ತಿ ಮುಜುಗರವಾಯಿತು. ಆ ಮನುಷ್ಯ ಅಪ್ಪನ ಪರಿಚಯದವರು. ನಮ್ಮ ಮನೆಯ ಮದುವೆಗೆ ಬಂದು ಊಟ ಮಾಡಿದವರು. ಕೊಡಗು ಚಿಕ್ಕ ಜಿಲ್ಲೆ. ಇಲ್ಲಿ ಲಂಚ ಕೇಳುವವರೂ ಕೊಡುವವರೂ ಒಂದೇ ಸಂತೆಯಲ್ಲಿ ಎದುರಾಗುತ್ತಾರೆ. ದೂರು ಕೊಡಲು ಅಡ್ಡ ಬರುವುದು ಕಾನೂನಿನ ಕೊರತೆಗಿಂತ ಈ ದಾಕ್ಷಿಣ್ಯ. ಹಾಗಾಗಿ ಈ ಬರಹದಲ್ಲಿ ಧೈರ್ಯ ತುಂಬುವ ಭಾಷಣ ಇಲ್ಲ. ಯಾವ ಕಾಗದ, ಯಾವ ಕಚೇರಿ, ಎಷ್ಟು ದಿನ, ಇಷ್ಟೇ ಇದೆ. ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕ, ವಕೀಲನಲ್ಲ. ಕೋರ್ಟಿನ ಮೆಟ್ಟಿಲು ಹತ್ತುವ ಹಂತ ಬಂದರೆ ವಕೀಲರನ್ನು ಕೇಳಲೇಬೇಕು.

ಮೊದಲು ಇದನ್ನು ಅರ್ಥ ಮಾಡಿಕೊಳ್ಳಿ: ಲಂಚ ಎಲ್ಲಿ ಹುಟ್ಟುತ್ತದೆ?

ರಾಬರ್ಟ್ ಕ್ಲಿಟ್‌ಗಾರ್ಡ್ ಎಂಬ ಅರ್ಥಶಾಸ್ತ್ರಜ್ಞರು 1988ರಲ್ಲಿ ಒಂದು ಸೂತ್ರ ಕೊಟ್ಟರು. ಏಕಸ್ವಾಮ್ಯ, ಅದರ ಜೊತೆ ಇಷ್ಟ ಬಂದಂತೆ ತೀರ್ಮಾನಿಸುವ ಅಧಿಕಾರ, ಇವೆರಡನ್ನು ಕೂಡಿಸಿ ಉತ್ತರದಾಯಿತ್ವವನ್ನು ಕಳೆಯಿರಿ. ಉಳಿಯುವುದೇ ಭ್ರಷ್ಟಾಚಾರ. ನನ್ನ ಖಾತೆಗೆ ಇದನ್ನು ಹಚ್ಚಿ ನೋಡಿ. ಖಾತೆ ಮಾಡಿಕೊಡುವ ಕಚೇರಿ ಒಂದೇ. ಇವತ್ತು ಮಾಡಬೇಕೋ ಆರು ತಿಂಗಳ ಮೇಲೋ ಎನ್ನುವುದು ಮೇಜಿನ ಆಚೆ ಇರುವವರ ಮರ್ಜಿ. ಯಾಕೆ ತಡ ಎಂದು ಬರೆದು ಕೇಳಿದವರು ಯಾರೂ ಇಲ್ಲ. ಲೆಕ್ಕ ಸರಿಹೋಯಿತು, ಅಲ್ವಾ?

ಸಿಸಿಲಿಯ ಮಾಫಿಯಾವನ್ನು ಅಧ್ಯಯನ ಮಾಡಿದ ಡಿಯೇಗೊ ಗ್ಯಾಂಬೆಟ್ಟಾ ಎಂಬ ಸಮಾಜಶಾಸ್ತ್ರಜ್ಞರು ಇನ್ನೊಂದು ಮಾತು ಹೇಳುತ್ತಾರೆ. ಅವರ ಪ್ರಕಾರ ಮಾಫಿಯಾ ಮಾರುವ ಸರಕು ರಕ್ಷಣೆ. ಸರ್ಕಾರದ ಮೇಲೆ ನಂಬಿಕೆ ಇಲ್ಲದ ಕಡೆ "ನಾನಿದ್ದೀನಿ" ಎನ್ನುವವನಿಗೆ ಗಿರಾಕಿ ಸಿಗುತ್ತಾರೆ. ನಮ್ಮ ಹೋಟೆಲ್ ಬೆಂಚಿನ ಬ್ರೋಕರ್ ಮಾಫಿಯಾ ಅಲ್ಲ, ಬಿಡಿ. ಆದರೆ ವ್ಯಾಪಾರ ಅದೇ ಜಾತಿಯದು. ಕಾನೂನು ಪುಕ್ಕಟೆ ಕೊಡಬೇಕಾದ ಕೆಲಸವನ್ನು ಅವನು ಭರವಸೆ ಸೇರಿಸಿ ಮಾರುತ್ತಾನೆ.

ಕೊಡಗಿನಲ್ಲಿ ಈ ವ್ಯಾಪಾರಕ್ಕೆ ಹದವಾದ ನೆಲವೂ ಇದೆ. ಜಮ್ಮಾ ಬಾಣೆ, ಪೈಸಾರಿ, ರಿಡೀಮ್ಡ್, ಅನ್‌ರಿಡೀಮ್ಡ್ ಎಂದು ನಮ್ಮ ಜಮೀನಿನ ಬಗೆಗಳು ಹೊರಜಿಲ್ಲೆಯವರಿಗೆ ತಲೆಬುಡ ಅರ್ಥವಾಗುವುದಿಲ್ಲ. ನಮಗೂ ಅಷ್ಟಕ್ಕಷ್ಟೇ. ಪಹಣಿಯಲ್ಲಿ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ ಹೆಸರಿರುತ್ತದೆ, ಅವರು ತೀರಿಕೊಂಡು ಎರಡು ತಲೆಮಾರು ಆಗಿರುತ್ತದೆ. ಸಹಿ ಹಾಕಬೇಕಾದ ದಾಯಾದಿಗಳಲ್ಲಿ ಒಬ್ಬರು ಮೈಸೂರಲ್ಲಿ, ಒಬ್ಬರು ಸೇನೆಯಲ್ಲಿ, ಇನ್ನೊಬ್ಬರು ಕೆನಡಾದಲ್ಲಿ. ಅಂದರೆ ತಡವಾಗಲು ನಿಜವಾದ ಕಾರಣಗಳೂ ಇವೆ. ಬೇಕಂತಲೇ ಮಾಡಿದ ತಡ ಆ ನಿಜದ ತಡದ ಮರೆಯಲ್ಲಿ ಅಡಗಿ ಕೂರುತ್ತದೆ. ಎರಡನ್ನೂ ಬೇರೆ ಮಾಡುವುದು ಹೇಗೆ? ಕಾಯುವ ಪ್ರತಿ ದಿನಕ್ಕೂ ಒಂದು ತಾರೀಕು, ಒಂದು ಹೆಸರು ಅಂಟಿಸುವುದು. ಮುಂದೆ ಬರುವ ಎಲ್ಲ ಹೆಜ್ಜೆಗಳ ತಿರುಳು ಇದೇ.

ಹೆಜ್ಜೆ 1: ಗುರುತು ಉಳಿಯುವಂತೆ ಅರ್ಜಿ ಹಾಕಿ

ಅರ್ಜಿಯನ್ನು ಯಾರ ಕೈಗೂ ಸುಮ್ನೆ ಕೊಟ್ಟು ಬರಬೇಡಿ. ನಾಡಕಚೇರಿಯಲ್ಲೋ ಟಪಾಲು ವಿಭಾಗದಲ್ಲೋ ಕೊಟ್ಟು ಸ್ವೀಕೃತಿ ಪಡೆಯಿರಿ. ಕೆಲಸ ಸಕಾಲದ ಪಟ್ಟಿಯಲ್ಲಿದ್ದರೆ ಸ್ವೀಕೃತಿಯ ಮೇಲೆ ಜಿಎಸ್‌ಸಿ ನಂಬರ್, ಅಂದರೆ ಸಕಾಲ ಅರ್ಜಿಯ ಗುರುತಿನ ಸಂಖ್ಯೆ, ಇರಬೇಕು. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ರಾಜ್ಯದಲ್ಲಿ ಜಾರಿಯಲ್ಲಿದೆ. ಪ್ರತಿ ಸೇವೆಗೂ ಇಂತಿಷ್ಟು ಕೆಲಸದ ದಿನ ಎಂದು ನಿಗದಿಯಾಗಿದೆ. ದಿನ ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನೂ ಕೇಳಬಹುದು. ಐನೂರಕ್ಕೆ ಏನು ಬರುತ್ತೆ ಎಂದು ನಗಬೇಡಿ. ಅದನ್ನು ತಡ ಮಾಡಿದವರ ಸಂಬಳದಿಂದ ವಸೂಲಿ ಮಾಡುತ್ತಾರೆ. ಅವರಿಗೆ ಕಸಿವಿಸಿ ಆಗುವುದು ಮೊತ್ತಕ್ಕಲ್ಲ, ದಾಖಲೆಯಲ್ಲಿ ಹೆಸರು ಕೂರುವುದಕ್ಕೆ.

"ಈ ದಾಖಲೆ ಸಾಲದು, ಆಗಲ್ಲ" ಎಂದು ಬಾಯಲ್ಲಿ ಹೇಳಿದರೆ ಜಗಳವಾಡಬೇಡಿ. "ಹಿಂಬರಹ ಕೊಡಿ ಸಾರ್" ಎನ್ನಿ, ಅಷ್ಟೇ. ಏನು ಸಾಲದು, ಯಾವ ನಿಯಮದ ಪ್ರಕಾರ ಸಾಲದು ಎಂದು ಬರೆದು ಸಹಿ ಹಾಕಿ ಕೊಡಬೇಕಾಗುತ್ತದೆ. ನಿಜವಾದ ಕೊರತೆಯಾದರೆ ಬರೆದು ಕೊಡುತ್ತಾರೆ, ನೀವು ಸರಿಪಡಿಸಿಕೊಳ್ಳುತ್ತೀರಿ. ಕೊರತೆ ಇಲ್ಲದಿದ್ದರೆ ಪೆನ್ನು ಮೇಲೇಳುವುದಿಲ್ಲ. ನಿಜದ ತಡವೂ ಬೇಕಂತಲೇ ಮಾಡಿದ ತಡವೂ ಅಲ್ಲೇ ಬೇರೆ ಬೇರೆಯಾಗುತ್ತವೆ.

ಹೆಜ್ಜೆ 2: ನೋಟ್ ಪುಸ್ತಕ

ಹತ್ತು ರೂಪಾಯಿಯ ನೋಟ್ ಪುಸ್ತಕ ಸಾಕು. ಹೋದ ದಿನ, ಗಂಟೆ, ಸಿಕ್ಕವರ ಹುದ್ದೆ, ಅವರು ಆಡಿದ ಮಾತು, ಇವಿಷ್ಟನ್ನು ಅದೇ ದಿನ ಬರೆಯಿರಿ. ಮಾತನ್ನು ಅವರು ಆಡಿದ ಹಾಗೇ ಬರೆಯಬೇಕು. "ಲಂಚ ಕೇಳಿದರು" ಎಂದು ಬರೆದರೆ ಅದು ನಿಮ್ಮ ಅಭಿಪ್ರಾಯ. "ಸಾಹೇಬ್ರಿಗೆ ಸ್ವಲ್ಪ ನೋಡ್ಕೊಳ್ಳಿ, ಎಂಟು ಆಗುತ್ತೆ ಅಂದರು" ಎಂದು ಬರೆದರೆ ಅದು ಸಾಕ್ಷ್ಯಕ್ಕೆ ಹತ್ತಿರ.

ಫೋನಿನಲ್ಲಿ ರೆಕಾರ್ಡ್ ಮಾಡಿದ್ದರೆ ಮೂಲ ಫೈಲನ್ನು ಮುಟ್ಟಬೇಡಿ. ಕತ್ತರಿಸುವುದು, ಹೆಸರು ಬದಲಿಸುವುದು, ವಾಟ್ಸಾಪಿನಲ್ಲಿ ಕಳಿಸಿ ಮೂಲವನ್ನು ಅಳಿಸುವುದು, ಯಾವುದೂ ಬೇಡ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ರೆಕಾರ್ಡಿಂಗ್ ಜೊತೆ ಪ್ರಮಾಣಪತ್ರ ಬೇಕು, ಫೈಲಿನ ಹ್ಯಾಶ್ ಮೌಲ್ಯವೂ (ಫೈಲು ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಅದರಲ್ಲಿರಬೇಕು. ಅದನ್ನೆಲ್ಲ ತನಿಖೆಯವರು, ವಕೀಲರು ನೋಡಿಕೊಳ್ಳುತ್ತಾರೆ. ಫೋನು ಹಾಗೇ ಇರಬೇಕು, ಅಷ್ಟೇ ನಿಮ್ಮ ಕೆಲಸ. ಮಳೆಗಾಲದಲ್ಲಿ ಫೋನ್ ನೀರಿಗೆ ಬಿದ್ದು ಎಲ್ಲ ಹೋಯಿತು ಎಂದವರನ್ನು ನೋಡಿದ್ದೇನೆ. ಆದ್ದರಿಂದ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಡಿ. ಇನ್ನು ಫೇಸ್‌ಬುಕ್ಕಿಗೆ ಹಾಕುವ ಆಸೆ. ದಯವಿಟ್ಟು ತಡೆದುಕೊಳ್ಳಿ. ಹಾಕಿದ ಮರುಕ್ಷಣ ಎದುರಿನವರು ಎಚ್ಚರವಾಗುತ್ತಾರೆ, ಟ್ರ್ಯಾಪ್ ಮಾಡುವ, ಅಂದರೆ ಲಂಚ ತೆಗೆದುಕೊಳ್ಳುವಾಗಲೇ ಹಿಡಿಯುವ ದಾರಿ ಮುಚ್ಚಿಹೋಗುತ್ತದೆ.

ಹೆಜ್ಜೆ 3: ಆರ್‌ಟಿಐ, ಹತ್ತು ರೂಪಾಯಿಯ ಅಸ್ತ್ರ

ನನ್ನ ಕೆಲಸ ಆಗಿದ್ದು ಇದರಿಂದಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ತೆಗೆದುಕೊಂಡು ಅರ್ಜಿ ಜೊತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಆನ್‌ಲೈನ್‌ನಲ್ಲೂ ಹಾಕಬಹುದು. ಕರ್ನಾಟಕದ ನಿಯಮದಲ್ಲಿ ಒಂದು ಕಟ್ಟುಪಾಡು ಇದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದ ಮೀರಬಾರದು. ಇದು ಗೊತ್ತಿಲ್ಲದೆ ಮೂರು ಪುಟ ಗೋಳು ಬರೆದು ವಾಪಸ್ ಬಂದ ಅರ್ಜಿಗಳು ಬಹಳ.

"ನನ್ನ ಖಾತೆ ಯಾಕೆ ಮಾಡಿಲ್ಲ?" ಎಂದು ಕೇಳಬೇಡಿ. ಆರ್‌ಟಿಐಯಲ್ಲಿ ಸಿಗುವುದು ದಾಖಲೆ, ಸಮಜಾಯಿಷಿ ಅಲ್ಲ. ನಾನು ಕೇಳಿದ್ದು ಹೀಗೆ:

"ದಿನಾಂಕ ಇಂತಿಷ್ಟರಂದು ನಾನು ಸಲ್ಲಿಸಿದ ಇಂಥ ಸಂಖ್ಯೆಯ ಅರ್ಜಿ ಈವರೆಗೆ ಯಾವ ಹುದ್ದೆಯವರ ಬಳಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇತ್ತು ಎಂಬ ವಿವರ. ಸದರಿ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ. ಈ ಸೇವೆಗೆ ನಿಗದಿಯಾದ ಅವಧಿಯ ಸುತ್ತೋಲೆಯ ಪ್ರತಿ. ನನ್ನ ಅರ್ಜಿಯ ನಂತರ ಸ್ವೀಕೃತವಾಗಿ, ನನಗಿಂತ ಮೊದಲು ವಿಲೇವಾರಿಯಾದ ಇದೇ ಬಗೆಯ ಅರ್ಜಿಗಳ ಸಂಖ್ಯೆ ಮತ್ತು ದಿನಾಂಕಗಳ ಪಟ್ಟಿ."

ಕೊನೆಯ ಪ್ರಶ್ನೆಯನ್ನು ಮತ್ತೊಮ್ಮೆ ಓದಿ. ಸರದಿ ಮುರಿದವರು ಯಾರು ಎಂದು ಅದು ಕೇಳುವುದಿಲ್ಲ. ಸರದಿ ಮುರಿದಿದೆಯೇ ಎಂದು ಕೇಳುತ್ತದೆ. ಅರ್ಜಿದಾರರ ಹೆಸರನ್ನೂ ಕೇಳುವುದಿಲ್ಲ. ಹಾಗಾಗಿ "ಇದು ಬೇರೆಯವರ ಖಾಸಗಿ ಮಾಹಿತಿ" ಎಂದು ತಳ್ಳಿಹಾಕಲು ಆಗುವುದಿಲ್ಲ. ನನ್ನ ಅರ್ಜಿ ತಲುಪಿದ ಮೂರನೇ ವಾರ ಫೋನ್ ಬಂತು. "ಸಾರ್, ನಿಮ್ಮದು ರೆಡಿ ಇದೆಯಲ್ಲ, ಒಂದು ಸಲ ಬಂದು ಹೋಗಿ. ಆ ಆರ್‌ಟಿಐ ವಾಪಸ್ ತಗೊಳ್ತೀರಲ್ಲ?" ಖಾತೆ ತೆಗೆದುಕೊಂಡೆ, ಅರ್ಜಿ ವಾಪಸ್ ಪಡೆಯಲಿಲ್ಲ. ಪಟ್ಟಿಯೂ ಬಂತು. ಅದರಲ್ಲಿ ಏನಿತ್ತು ಎನ್ನುವುದು ಈಗ ಬೇಡ.

ಉತ್ತರಕ್ಕೆ 30 ದಿನ. ತಪ್ಪಾದ ಕಚೇರಿಗೆ ಹಾಕಿದ್ದರೆ ಅವರೇ 5 ದಿನದಲ್ಲಿ ಸರಿಯಾದ ಕಡೆಗೆ ವರ್ಗಾಯಿಸಬೇಕು. ಗಡುವು ಮೀರಿದರೆ ಮಾಹಿತಿಯನ್ನು ಪುಕ್ಕಟೆ ಕೊಡಬೇಕು. ಬಾರದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆಯೋಗದ ಸರದಿಯೂ ಉದ್ದವೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಹುಪಾಲು ಕೆಲಸ ಮೊದಲ ಮೇಲ್ಮನವಿಯ ಹೊತ್ತಿಗೆ ಮುಗಿದಿರುತ್ತದೆ.

ಹೆಜ್ಜೆ 4: ಲೋಕಾಯುಕ್ತಕ್ಕೆ ಎರಡು ಬಾಗಿಲು

ಜನ ಇಲ್ಲೇ ಎಡವುತ್ತಾರೆ. ಲೋಕಾಯುಕ್ತ ಎಂದರೆ ಒಂದೇ ಕಚೇರಿ ಎಂದುಕೊಂಡು ಒಂದು ಬಾಗಿಲಿನ ಕೆಲಸಕ್ಕೆ ಇನ್ನೊಂದು ಬಾಗಿಲು ತಟ್ಟುತ್ತಾರೆ.

ಮೊದಲನೆಯದು ವಿಚಾರಣೆಯ ಬಾಗಿಲು. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಡಿ ಲೋಕಾಯುಕ್ತರು, ಉಪಲೋಕಾಯುಕ್ತರು ದೂರು ವಿಚಾರಿಸಿ ಸರ್ಕಾರಕ್ಕೆ ವರದಿ ಕೊಡುತ್ತಾರೆ. ಇದಕ್ಕೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ ಬೇಕು. ದಾಖಲೆಗಳ ನಕಲು ಸೇರಿಸಿ ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿರುವ ಕಚೇರಿಗೆ ಅಂಚೆಯಲ್ಲಿ ಕಳಿಸಬಹುದು. ಕೆಲಸ ತಡವಾಗಿದೆ, ಅನ್ಯಾಯವಾಗಿದೆ ಎನ್ನುವ ಕುಂದುಕೊರತೆಯಾದರೆ ಗೊತ್ತಾದ 6 ತಿಂಗಳೊಳಗೆ ದೂರು ಕೊಡಬೇಕು. ಅಧಿಕಾರ ದುರುಪಯೋಗದಂಥ ಆರೋಪವಾದರೆ ಘಟನೆಯಿಂದ 5 ವರ್ಷ. ಸುಳ್ಳು ದೂರಿಗೆ ಶಿಕ್ಷೆ ಇದೆ. ಹಾಗಾಗಿ ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಬರೆಯಿರಿ, ಅನುಮಾನವನ್ನು ಅನುಮಾನ ಎಂದೇ ಬರೆಯಿರಿ.

ಎರಡನೆಯದು ಪೊಲೀಸ್ ಬಾಗಿಲು. "ಇಷ್ಟು ಕೊಟ್ಟರೆ ಮಾತ್ರ" ಎಂದು ಈಗ, ಇವತ್ತು ಕೇಳುತ್ತಿದ್ದರೆ ಹೋಗಬೇಕಾದ್ದು ಇಲ್ಲಿಗೆ. ಕೊಡಗಿಗೆ ಮಡಿಕೇರಿಯಲ್ಲೇ ಲೋಕಾಯುಕ್ತ ಪೊಲೀಸರಿದ್ದಾರೆ. 2016ರಿಂದ 2022ರವರೆಗೆ ಈ ಕೆಲಸ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳದ ಕೈಯಲ್ಲಿತ್ತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೆ ವಾಪಸ್ ಕೊಡಿಸಿತು. ಹಳೆಯ ಎಸಿಬಿ ನಂಬರಿಗೆ ಫೋನ್ ಮಾಡಿ ಯಾರೂ ಎತ್ತಲಿಲ್ಲ ಎನ್ನುವವರು ಈಗಲೂ ಸಿಗುತ್ತಾರೆ. ಲೋಕಾಯುಕ್ತ ಅಧಿಕಾರಿಗಳು ಆಗಾಗ ತಾಲ್ಲೂಕುಗಳಿಗೆ ಬಂದು ಅಹವಾಲು ಸ್ವೀಕರಿಸುವ ಸಭೆ ನಡೆಸುತ್ತಾರೆ. ಮಡಿಕೇರಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುವ ಕರಿಕೆ, ಕುಟ್ಟದ ಕಡೆಯವರು ಈ ಸಭೆಗಳ ಸುದ್ದಿಯ ಮೇಲೆ ಕಣ್ಣಿಡಿ.

ಟ್ರ್ಯಾಪ್ ಹೇಗೆ ನಡೆಯುತ್ತದೆ? ನೀವು ಬರೆದು ದೂರು ಕೊಡುತ್ತೀರಿ, ಎಫ್‌ಐಆರ್ ಆಗುತ್ತದೆ. ಬೇರೆ ಸರ್ಕಾರಿ ಕಚೇರಿಗಳಿಂದ ಸಾಕ್ಷಿಗಳಾಗಿ ಇಬ್ಬರು ಪಂಚರನ್ನು ಕರೆಸುತ್ತಾರೆ. ನೀವು ತಂದ ನೋಟುಗಳ ನಂಬರುಗಳನ್ನು ಒಂದೊಂದಾಗಿ ಮಹಜರಿನಲ್ಲಿ ಬರೆಯುತ್ತಾರೆ. ನೋಟಿಗೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ಬಿಳಿ ಪುಡಿ, ನೋಟಿನ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಒಂದು ಲೋಟ ನೀರಿಗೆ ಸೋಡಿಯಂ ಕಾರ್ಬೊನೇಟ್ ಹಾಕಿ, ಪುಡಿ ಮುಟ್ಟಿದ ಬೆರಳನ್ನು ಅದರಲ್ಲಿ ಅದ್ದಿ ತೋರಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ನೋಟುಗಳನ್ನು ನಿಮ್ಮ ಜೇಬಿಗೆ ಅವರೇ ಇಡುತ್ತಾರೆ. ಒಬ್ಬ ಪಂಚ ನಿಮ್ಮ ಜೊತೆಯಲ್ಲೇ ಬರುತ್ತಾನೆ, ನಿಮ್ಮ ಸಂಬಂಧಿಕನ ಹಾಗೆ.

ಅಲ್ಲಿಂದಾಚೆ ನೆನಪಿಡಬೇಕಾದ್ದು ಇಷ್ಟು. ಅವರಾಗಿ ಕೇಳದೆ ಹಣ ತೆಗೆಯಬೇಡಿ. ಮೇಜಿನ ಮೇಲೆ ಇಟ್ಟು ಓಡಿಬರಬೇಡಿ. ಕೈ ಕುಲುಕಬೇಡಿ, ಪುಡಿ ಅಂಟಿದರೆ "ಕೈ ಕುಲುಕಿದ್ದಕ್ಕೆ ಬಂತು" ಎನ್ನಲು ದಾರಿಯಾಗುತ್ತದೆ. "ಸಾರ್, ನನ್ನ ಕೆಲಸ ಏನಾಯಿತು?" ಎಂದು ಮಾತು ತೆಗೆಯಿರಿ. "ತಂದಿದ್ದೀರಾ?" ಎಂದು ಅವರ ಬಾಯಿಂದಲೇ ಬರಲಿ. ಕೇಳಿದ್ದು, ತೆಗೆದುಕೊಂಡದ್ದು, ಎರಡೂ ಸಾಬೀತಾಗಬೇಕು. ಮೇಜಿನ ಡ್ರಾಯರಿನಲ್ಲಿ ಹಣ ಸಿಕ್ಕಿತು ಎಂಬುದೊಂದರಿಂದಲೇ ಶಿಕ್ಷೆ ಆಗುವುದಿಲ್ಲ. ಆಮೇಲೆ ಪೊಲೀಸರು ಮೊದಲೇ ಹೇಳಿಕೊಟ್ಟಂತೆ ನೀವು ತಲೆ ಸವರಿಯೋ ಕರವಸ್ತ್ರ ತೆಗೆದೋ ಸೂಚನೆ ಕೊಡುತ್ತೀರಿ. ಬಂದವರು ಅಧಿಕಾರಿಯ ಕೈಯನ್ನು ಅದೇ ಬಗೆಯ ನೀರಿನಲ್ಲಿ ಅದ್ದಿಸುತ್ತಾರೆ. ಗುಲಾಬಿಗೆ ತಿರುಗಿದ ನೀರು ಬಾಟಲಿಗೆ ಹೋಗಿ ಸೀಲ್ ಆಗುತ್ತದೆ.

ನಿಮ್ಮ ಕೆಲಸದ ಕಡತವನ್ನೂ ತನಿಖೆಗೆಂದು ತೆಗೆದುಕೊಂಡು ಹೋಗಬಹುದು. ಅದಕ್ಕೆ ಮೊದಲೇ ಎಲ್ಲ ದಾಖಲೆಗಳ ಒಂದು ಪ್ರತಿ ಮನೆಯಲ್ಲಿರಲಿ.

ಈಗಾಗಲೇ ಕೊಟ್ಟುಬಿಟ್ಟಿದ್ದರೆ?

ಏಳು ದಿನ. ಈ ಸಂಖ್ಯೆಯನ್ನು ಮರೆಯಬೇಡಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವರೂ ಅಪರಾಧಿಗಳೇ, 7 ವರ್ಷದವರೆಗೆ ಜೈಲು. ಆದರೆ ಬೇರೆ ದಾರಿ ಇಲ್ಲದೆ ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವರಿಗೆ ರಕ್ಷಣೆ ಇದೆ. ಮೊದಲೇ ತಿಳಿಸಿ, ಟ್ರ್ಯಾಪಿಗಾಗಿ ಹಣ ಕೊಟ್ಟವರಿಗೂ ಇದೆ. ತೆಗೆದುಕೊಂಡವರಿಗೆ 3ರಿಂದ 7 ವರ್ಷ. ಅಧಿಕಾರಿಯ ಮೇಲೆ ಪ್ರಭಾವ ಬೀರುತ್ತೇನೆಂದು ಹಣ ಪಡೆಯುವ ಬ್ರೋಕರನಿಗೂ 7ಎ ಸೆಕ್ಷನ್ನಿನಲ್ಲಿ ಅಷ್ಟೇ ಶಿಕ್ಷೆ. "ನಾನು ಸರ್ಕಾರಿ ನೌಕರ ಅಲ್ಲವಲ್ಲ" ಎಂಬ ಮಾತು ನಡೆಯುವುದಿಲ್ಲ. ಬ್ರೋಕರನ ಹೆಂಡತಿಯ ನಂಬರಿಗೆ ಯುಪಿಐ ಮಾಡಿದ್ದರೆ ಅದರ ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ.

ಆಮೇಲಿನ ಕಾಯುವಿಕೆ

ಇಲ್ಲಿ ನಿಮ್ಮನ್ನು ಸಿದ್ಧ ಮಾಡಬೇಕು, ಯಾಕೆಂದರೆ ಪೇಪರಿನಲ್ಲಿ ಫೋಟೋ ಬಂದ ಮೇಲೆ ಏನಾಗುತ್ತದೆಂದು ಯಾರೂ ಹೇಳುವುದಿಲ್ಲ. ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳಲು ಸರ್ಕಾರದ ಅನುಮತಿ ಬೇಕು. ಅದಕ್ಕೆ ಮೂರು ತಿಂಗಳು, ಬೇಕಾದರೆ ಇನ್ನೊಂದು ತಿಂಗಳು ಎಂದು ಕಾಯ್ದೆ ಹೇಳುತ್ತದೆ. ಅಧಿಕಾರಿ ತೆಗೆದುಕೊಂಡ ತೀರ್ಮಾನದ ಬಗ್ಗೆ ತನಿಖೆಯಾದರೆ 17ಎ ಸೆಕ್ಷನ್ ಪ್ರಕಾರ ತನಿಖೆ ಶುರುವಾಗುವ ಮೊದಲೇ ಇನ್ನೊಂದು ಅನುಮತಿ ಬೇಕು. ಸ್ಥಳದಲ್ಲೇ ಸಿಕ್ಕಿಬಿದ್ದ ಟ್ರ್ಯಾಪ್ ಪ್ರಕರಣಕ್ಕೆ ಅದು ಬೇಡ. ಎರಡು ವರ್ಷದಲ್ಲಿ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. "ಪ್ರಯತ್ನಿಸಬೇಕು" ಎಂಬ ಪದವನ್ನು ಗಮನಿಸಿ.

ಈ ವರ್ಷಗಳಲ್ಲೇ ಮನೆಗೆ ಜನ ಬರುತ್ತಾರೆ. "ಅವನಿಗೂ ಮಕ್ಕಳಿದ್ದಾರೆ, ಬಿಟ್ಟುಬಿಡು ಮಾರಾಯ." ಸಾಕ್ಷಿ ಉಲ್ಟಾ ಹೊಡೆಯುವುದು ಹೀಗೆಯೇ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ ಒಂದು ದೊಡ್ಡ ಮಾತು ಹೇಳಿತು. ದೂರುದಾರ ತೀರಿಕೊಂಡರೂ, ಉಲ್ಟಾ ಹೊಡೆದರೂ, ಉಳಿದ ಸಾಕ್ಷಿ ಮತ್ತು ಸಂದರ್ಭಗಳಿಂದ ಲಂಚದ ಬೇಡಿಕೆಯನ್ನು ಸಾಬೀತು ಮಾಡಬಹುದು. ಹತ್ತು ರೂಪಾಯಿಯ ನೋಟ್ ಪುಸ್ತಕಕ್ಕೆ ಬೆಲೆ ಬರುವುದು ಆಗ.

ಒಬ್ಬನ ಲಂಚ ದಾಟಿ ಗುಂಪಿನ ದಂಧೆ ಕಂಡರೆ

ಬೀಟೆ ಮರದ ಕಥೆ ನಮಗೆಲ್ಲ ಗೊತ್ತಿರುವುದೇ. ತೋಟದ ಮರ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನ್‌ರಿಡೀಮ್ಡ್, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿಲ್ಲದ ಜಾಗವಾದರೆ ಮರದ ಹಕ್ಕೇ ಸರ್ಕಾರದ್ದು. ಒಂದೇ ಪಾಸಿನಲ್ಲಿ ಎರಡು ಲೋಡು ಸಾಗಿಸುವುದು ಹಳೆಯ ಉಪಾಯ. ಮಾಕುಟ್ಟ, ಕುಟ್ಟ, ಕರಿಕೆ, ಮೂರು ಕಡೆಯೂ ರಸ್ತೆ ಕೇರಳಕ್ಕೆ ಇಳಿಯುತ್ತದೆ. ಹೊಳೆ ಮರಳಿನದ್ದೂ ಇದೇ ಜಾಡು. ಇಲ್ಲಿ ಲಂಚ ಒಂದು ಸಲದ ಮಾತಲ್ಲ, ತಿಂಗಳ ಮಾಮೂಲು.

ಕಾನೂನು ಇದನ್ನು ಬೇರೆ ಮಾಡಿ ನೋಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ 111ನೇ ಸೆಕ್ಷನ್ ಸಂಘಟಿತ ಅಪರಾಧವನ್ನು ಹೇಳುತ್ತದೆ. ಗುಂಪು ಕಟ್ಟಿಕೊಂಡು ಮತ್ತೆ ಮತ್ತೆ ಮಾಡಿರಬೇಕು, ಹಿಂದಿನ ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿ ಕೋರ್ಟಿಗೆ ಹೋಗಿರಬೇಕು. ಶಿಕ್ಷೆ ಕನಿಷ್ಠ 5 ವರ್ಷ, ದಂಡ ಕನಿಷ್ಠ 5 ಲಕ್ಷ. ಕರ್ನಾಟಕದಲ್ಲಿ ಇದಕ್ಕೂ ಮೊದಲಿನ, 2000ನೇ ಇಸವಿಯ ಕೋಕಾ (ಸಂಘಟಿತ ಅಪರಾಧ ನಿಯಂತ್ರಣ) ಕಾಯ್ದೆ ಇದೆ. ಅದರಲ್ಲಿ ಪ್ರಕರಣ ದಾಖಲಿಸಲು ಡಿಐಜಿ ದರ್ಜೆಯವರ ಒಪ್ಪಿಗೆ ಬೇಕು. ನಿಮ್ಮ ದೂರಿನಲ್ಲಿ ಈ ಸೆಕ್ಷನ್‌ಗಳನ್ನು ಬರೆದು ಪಾಂಡಿತ್ಯ ತೋರಿಸಬೇಕಿಲ್ಲ. ತಾರೀಕು, ಜಾಗ, ಗಾಡಿ ನಂಬರ್ ಬರೆಯಿರಿ, ಸಾಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಇದನ್ನೇ ಹೇಳುತ್ತದೆ.

ಖಂಡಿತ ಮಾಡಬಾರದ್ದು ಒಂದಿದೆ. ರಾತ್ರಿ ಲಾರಿ ಹಿಂದೆ ಬೈಕಿನಲ್ಲಿ ಹೋಗಬೇಡಿ. ದಂಧೆಯನ್ನು ಮುರಿದವರೆಲ್ಲ ಕಾಗದದ ಜಾಡು ಹಿಡಿದವರೇ. ಇಟಲಿಯ ನ್ಯಾಯಾಧೀಶ ಜೊವಾನ್ನಿ ಫಾಲ್ಕೊನೆ ಮಾಫಿಯಾದ ಹಿಂದೆ ಬಿದ್ದದ್ದು ಬ್ಯಾಂಕ್ ಚೆಕ್ಕುಗಳ ಮೂಲಕ. 1992ರಲ್ಲಿ ಅವರನ್ನು ಬಾಂಬಿಟ್ಟು ಕೊಂದರು. ಎಂಟು ವರ್ಷದ ಮೇಲೆ, ಅವರದ್ದೇ ಊರಾದ ಪಲೆರ್ಮೊದಲ್ಲಿ ಸಂಘಟಿತ ಅಪರಾಧದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದವು. ಭಾರತ ಅದನ್ನು 2011ರಲ್ಲಿ ಅನುಮೋದಿಸಿತು. ಅದೇ 2011ರ ಜುಲೈಯಲ್ಲಿ ಆಗ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಬಳ್ಳಾರಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಅದರ ಹಿಂದೆ ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡದ ದುಡಿಮೆ ಇತ್ತು. ಪರವಾನಗಿಯಲ್ಲಿ ಇದ್ದದ್ದೆಷ್ಟು, ಬಂದರಿನಿಂದ ಹೋದದ್ದೆಷ್ಟು ಎಂದು ತಾಳೆ ಹಾಕುವ ಕೆಲಸ. ಬೀಟೆಗೂ ಇದೇ ಲೆಕ್ಕ. ಎಷ್ಟು ಮರಕ್ಕೆ ಅನುಮತಿ, ಎಷ್ಟು ಪಾಸ್, ಯಾವ ದಿನ ಯಾವ ಗೇಟು ದಾಟಿತು, ಎಲ್ಲವೂ ಆರ್‌ಟಿಐಯಲ್ಲಿ ಕೇಳಬಹುದಾದ ದಾಖಲೆ.

ಬೆದರಿಕೆ ಬಂದರೆ ಮುಚ್ಚಿಡಬೇಡಿ. ಅದೇ ಬೇರೆ ಅಪರಾಧ, ಬೇರೆ ದೂರು. ಮಾಹಿತಿ ಬಯಲಿಗೆಳೆದವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಕಾಯ್ದೆ ಮಾಡಿತು, ಅದು ಇನ್ನೂ ಜಾರಿಗೆ ಬಂದಿಲ್ಲ. ನೆಚ್ಚಿಕೊಳ್ಳಬಹುದಾದ್ದು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ಅರ್ಜಿ ನೋಡುತ್ತದೆ, ಪೊಲೀಸರಿಂದ ಅಪಾಯದ ವರದಿ ತರಿಸುತ್ತದೆ. ಅರ್ಜಿ ಬರೆಯಲು, ವಕೀಲರನ್ನು ಹಿಡಿಯಲು ದುಡ್ಡಿಲ್ಲದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ವಕೀಲರು ಪುಕ್ಕಟೆ. ಸಹಾಯವಾಣಿ 15100.

ಕಾಲೇಜುಗಳು ಮಾಡಬಹುದಾದ್ದು: ಟೇಪು ಹಿಡಿಯಿರಿ

ಭ್ರಷ್ಟಾಚಾರದ ಬಗ್ಗೆ ಪ್ರಬಂಧ ಸ್ಪರ್ಧೆ ಮಾಡಿಸಿದ್ದು ಸಾಕು, ಇನ್ನು ನಿಲ್ಲಿಸಿ ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಗೆ ಒಂದು ರಸ್ತೆ ಕೊಡಿ.

ನಾವು ಮಾಡಿದ್ದು ಇಷ್ಟು. ಪಂಚಾಯಿತಿ ವ್ಯಾಪ್ತಿಯ ಒಂದು ಹೊಸ ಕಾಂಕ್ರೀಟ್ ರಸ್ತೆ ಆರಿಸಿಕೊಂಡೆವು. ಆರ್‌ಟಿಐಯಲ್ಲಿ ಅಂದಾಜು ಪಟ್ಟಿ, ಕಾರ್ಯಾದೇಶ, ಬಿಲ್ಲು ಮತ್ತು ಎಂ.ಬಿ. ಕೇಳಿದೆವು. ಎಂ.ಬಿ. ಎಂದರೆ ಎಂಜಿನಿಯರ್ ಬರೆಯುವ ಅಳತೆ ಪುಸ್ತಕ. ದುಡ್ಡು ಬಿಡುಗಡೆ ಆಗುವುದೇ ಅದರ ಮೇಲೆ. ದಾಖಲೆ ಬಂದ ಮೇಲೆ ಐದು ಮಂದಿ ವಿದ್ಯಾರ್ಥಿಗಳು ಒಂದು ಶನಿವಾರ ಟೇಪು ಹಿಡಿದು ಹೊರಟರು. ಒಬ್ಬಳು ಟೇಪಿನ ತುದಿ ಹಿಡಿದಳು, ಒಬ್ಬ ಓದಿದ, ಒಬ್ಬ ಬರೆದ, ಇಬ್ಬರು ಫೋಟೋ. ಹತ್ತು ಮೀಟರಿಗೊಂದು ಕಡೆ ಅಗಲ ಅಳೆದರು. ಚರಂಡಿ ಕಡೆಯ ಅಂಚಿನಲ್ಲಿ ಮಣ್ಣು ಕೆದಕಿ ದಪ್ಪ ಅಳೆದರು. ದಪ್ಪವನ್ನು ಒಂದೇ ಕಡೆ ನೋಡಿ ತೀರ್ಮಾನಕ್ಕೆ ಬರಬೇಡಿ, ಅಂಚಿನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರುವುದು ಸಹಜ. ಉದ್ದ, ಅಗಲದಲ್ಲಿ ಆ ನೆಪ ನಡೆಯುವುದಿಲ್ಲ. ಪುಸ್ತಕದಲ್ಲಿ ಮೂರೂಮುಕ್ಕಾಲು ಮೀಟರ್ ಅಗಲ. ಟೇಪಿನಲ್ಲಿ ಎಲ್ಲೂ ಮೂರೂಕಾಲು ದಾಟಲಿಲ್ಲ.

ವರದಿ ಒಂದೂವರೆ ಪುಟ. "ಹಗರಣ", "ಲೂಟಿ" ಎಂಬ ಪದ ಒಂದೂ ಬೇಡ ಎಂದಿದ್ದೆ. ಎಡಗಡೆ ಪುಸ್ತಕದ ಅಳತೆ, ಬಲಗಡೆ ಟೇಪಿನ ಅಳತೆ, ಕೆಳಗೆ ತಾರೀಕು ಮತ್ತು ಅಳೆದವರ ಸಹಿ. ಅದನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿ ಪುಸ್ತಕದಲ್ಲಿ ಬರೆಸಿದೆವು. ಬರೆಸದಿದ್ದರೆ ಓದಿದ್ದು ಗಾಳಿಗೆ ಹೋದ ಹಾಗೆ. ಮುಂದಿನ ತಿಂಗಳು ಎಂಜಿನಿಯರ್ ಬಂದು ಮರು ಅಳತೆ ಮಾಡಿದರು, ಬಾಕಿ ಬಿಲ್ಲು ತಡೆಯಾಯಿತು.

ಗ್ರಾಮಸಭೆ ಮುಗಿದು ಹೊರಗೆ ಬಂದಾಗ ಗುತ್ತಿಗೆದಾರರು ಟೇಪು ಹಿಡಿದಿದ್ದ ಹುಡುಗಿಯನ್ನು ನಿಲ್ಲಿಸಿ, "ನಿಮ್ಮನ್ನ ಯಾರು ಕಳಿಸಿದ್ದು?" ಎಂದು ಕೇಳಿದರು. ಅವಳು ಟೇಪು ಸುತ್ತುತ್ತಲೇ ಹೇಳಿದಳು: "ಯಾರೂ ಇಲ್ಲ ಸಾರ್. ಇಂಟರ್ನಲ್ಸ್‌ಗೆ ಹತ್ತು ಮಾರ್ಕ್ಸ್ ಇದೆ."